ಎಡಕ್ಕೆ ವಾಲಿದ ಸಸಿಗಳು

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ಫಕೀರಯ್ಯ ಎಂಬ ಗುರು, ಅಡಿವೆಪ್ಪ ಎಂಬ ಶಿಷ್ಯ ಮತ್ತು ಲೆಕ್ಕವಿಲ್ಲದಷ್ಟು ಕಾಡುಬಸಳೆ ಗಿಡಗಳಿದ್ದವು.

ಕಾಡುಬಸಳೆಗೆ ಬೀಜದ ಹಂಗಿಲ್ಲ. ದಪ್ಪನೆಯ ಒಂದು ಎಲೆ ಮುರಿದು ಮಣ್ಣಿನ ಮೇಲೆ ಇಟ್ಟರೆ ಸಾಕು, ಎಲೆಯ ಅಂಚಿನಿಂದಲೇ ಮರಿಗಿಡಗಳು ಏಳುತ್ತವೆ. ಬಂದ ಭಕ್ತರ ಕೈಗೆ ಒಂದೊಂದು ಸಸಿ ಕೊಟ್ಟು ಕಳಿಸುವುದು ಅಲ್ಲಿಯ ವಾಡಿಕೆ. ಸಸಿ ಮಾಡುವ ಕೆಲಸ ಅಡಿವೆಪ್ಪನದು.

ಬಂದ ಹೊಸತರಲ್ಲಿ ಅವನಿಟ್ಟ ಎಲೆಗಳೆಲ್ಲ ಕೊಳೆತುಹೋದವು.

“ಮುರಿದ ಕೂಡ್ಲೆ ಮಣ್ಣಿಗಿಟ್ಟು ನೀರು ಹಾಕಿದ್ಯೇನು?” ಎಂದು ಗುರು ಕೇಳಿದರು.

“ಹೌದ್ರಿ ಅಜ್ಜಾರ. ಬಾಡೀತು ಅಂತ.”

“ಗಾಯ ಹಸಿ ಇರ್ತೈತಿ. ನೆರಳಾಗ ಇಡು, ಒಣಗಲಿ. ಆಮ್ಯಾಲೆ ಮಣ್ಣು.”

ಆಮೇಲೆ ಅವನ ಕೈ ಕುದುರಿತು. ಅಡುಗೆಮನೆಯ ಗೋಡೆಗೆ ಮುಳ್ಳು ಚುಚ್ಚಿ ಸಿಕ್ಕಿಸಿದ್ದ ಎಲೆ ಕೂಡ ಮಣ್ಣಿಲ್ಲದೆ, ನೀರಿಲ್ಲದೆ, ಬರಿಯ ಗಾಳಿಗೆ ಬೇರು ಚಾಚಿತು. ಅದನ್ನು ನೋಡಿದರೆ ಅಡಿವೆಪ್ಪನಿಗೆ ಹೆದರಿಕೆ. ಆದರೂ ದಿನಾ ಅದರ ಎದುರಿಗೇ ಕೂತು ಉಣ್ಣುತ್ತಿದ್ದ.

ಒಂದು ಸಂಗತಿ ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಸಸಿಗಳೆಲ್ಲ ಎಡಕ್ಕೆ ವಾಲುತ್ತಿದ್ದವು. ಕುಂಡ ತಿರುಗಿಸಿಟ್ಟರೂ ಬೆಳಗಾಗುವಷ್ಟರಲ್ಲಿ ಮತ್ತೆ ಎಡಕ್ಕೇ.

“ಅಜ್ಜಾರ, ಬಿಸಿಲು ಬಲಕ್ಕೈತಿ. ಇವು ಯಾಕ ಎಡಕ್ಕ ವಾಲತಾವ?”

“ಮೊದಲನೇ ಗಿಡ ವಾಲಿತ್ತು.”

“ಅದು ಎಲ್ಲೈತ್ರಿ?”

ಗುರು ಎಡಗಾಲು ಎಳೆಯುತ್ತ ಸಾಲುಗಟ್ಟಿದ ಕುಂಡಗಳನ್ನೆಲ್ಲ ನೋಡುತ್ತ ಹೋದರು. “ಇವೆಲ್ಲಾ ಅದ ಗಿಡ.”

ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಅಡಿವೆಪ್ಪನ ತಂಗಿ ನೀಲವ್ವ ಹರಿಗೋಲಿನಲ್ಲಿ ಹೊಳೆ ದಾಟಿ ಬಂದಳು. ಕುಂಡಗಳ ನಡುವೆ ಯಾರೋ ಎಡಗಾಲು ಎಳೆಯುತ್ತ ಹೋಗುತ್ತಿದ್ದರು. ಅವಳು ಹಿಂದಿನಿಂದಲೇ ಕೈಮುಗಿದಳು.

“ಶರಣ್ರಿ ಅಜ್ಜಾರ. ನಮ್ಮಣ್ಣ ಅಡಿವೆಪ್ಪ ಎಲ್ಲಿ ಅದಾನ್ರಿ?”

ಅವನು ತಿರುಗಿದ. “ನೀಲವ್ವಾ, ನಾನ ಅಲ್ಲೇನ!”

ನೀಲವ್ವ ಹಿಂದೆ ಸರಿದಳು. ಮುಖ ಅಣ್ಣನದೇ. ಬಾಯೊಳಗಿಂದ ಬಂದದ್ದು ಮಾತ್ರ ಮುದುಕನೊಬ್ಬನ ಒಡಕು ದನಿ.

“ಯಾರ್ರಿ ನೀವು?”

ಅವನು ನಕ್ಕ. ನಗುವೂ ಅಣ್ಣನದಾಗಿರಲಿಲ್ಲ. ಅವಳು ಅಳತೊಡಗಿದಳು.

“ಅವ್ವ ಹಾಸಿಗಿ ಹಿಡದಾಳ. ಕೂಳು ಬಿಟ್ಟಾಳ. ಒಂದ ಸಲ ಅಡಿವೆಪ್ಪನ ದನಿ ಕೇಳಸ್ರಿ ಅಂತಾಳ. ಕುರುಡಿ ಅಕಿ, ಮಾರಿ ಕಾಣಂಗಿಲ್ಲ. ಈ ದನೀಲೆ ನೀ ಕರದ್ರ, ಯಾವನೋ ಮುದುಕ ಬಂದಾನ ಅಂತ ಗ್ವಾಡಿ ಕಡೆ ತಿರಗತಾಳ.”

ಅಡಿವೆಪ್ಪ ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ “ನೀಲೂ” ಎಂದು ಕರೆದು ನೋಡಿದ. ಮುದುಕನ ದನಿ ಬಂತು. ಮತ್ತೊಮ್ಮೆ ಕರೆದ. ನೀಲವ್ವ ಕಿವಿ ಮುಚ್ಚಿಕೊಂಡಳು.

ಅಡಿವೆಪ್ಪ ಗುರುವಿದ್ದಲ್ಲಿಗೆ ಓಡಿದ. ಓಡುವಾಗಲೇ ತನ್ನ ಎಡಗಾಲು ಎಳೆಯುತ್ತಿರುವುದು ಅವನಿಗೆ ತಿಳಿದದ್ದು.

“ಅಜ್ಜಾರ, ನನ್ನ ದನಿ ನನಗ ಕೊಡ್ರಿ!”

“ನಾ ಎಲ್ಲಿ ತಗೊಂಡೇನಿ?” ಎಂದರು ಗುರು. ಹಿಂದೆ ಬಂದಿದ್ದ ನೀಲವ್ವನಿಗೆ ಒಬ್ಬನೇ ಕೇಳಿ, ಅವನೇ ಉತ್ತರ ಕೊಟ್ಟಂತೆ ಕೇಳಿಸಿತು.

“ಮತ್ತ ಈ ಕುಂಟು?”

“ನೀ ಎಲ್ಲಿ ಬಿದ್ದಿದ್ದಿ?”

“ಎಲ್ಲೂ ಬಿದ್ದಿಲ್ಲರಿ.”

“ನಾನೂ ಬಿದ್ದಿಲ್ಲ. ಬಂಡಿ ಮ್ಯಾಲಿಂದ ಬಿದ್ದವರು ನಮ್ಮ ಗುರುಗಳು.”

“ನಿಮ್ಮಂಗ ಆಗಬೇಕಂತ ಬಂದಿದ್ದೆ,” ಎಂದ ಅಡಿವೆಪ್ಪ, ಮೆಲ್ಲಗೆ.

“ಆಗೀದಿ.”

“ನನಗಿದು ಬ್ಯಾಡ್ರಿ. ಅವ್ವಗ ನಾ ಬೇಕು.”

ಗುರು ಎದ್ದು ಬಡಿಗೆ ಎತ್ತಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅವನ ಎಡಗಾಲಿಗೆ ಹೊಡೆದರು.

“ಯವ್ವಾ!”

ಎಳೆಯ ದನಿ, ತುಸು ಕೀರಲು. ನೀಲವ್ವ ಓಡಿ ಬಂದು ಅವನ ಕೈ ಹಿಡಿದಳು. “ಅಣ್ಣಾ, ಇದ ನೋಡು! ಇದ ನಿನ್ನ ದನಿ!”

ಅವನು ಏನೋ ಹೇಳಲು ಹೊರಟ. ಗುರು ಅವನ ಬಾಯಿಗೆ ಕೈ ಅಡ್ಡ ಹಿಡಿದರು.

“ಮಾತಾಡಬ್ಯಾಡ. ಗಾಯ ಹಸಿ ಐತಿ. ಅವ್ವನ ಹಾಸಿಗಿ ಮುಟ್ಟೂತನಕ ಬಾಯಿ ಮುಚ್ಚಿರು. ಮುಟ್ಟಿದ ಮ್ಯಾಲೆ, ಈಗ ಚೀರಿದೆಲ್ಲಾ, ಅದೊಂದ ಮಾತು ಆಡು.”

ಅಡಿವೆಪ್ಪ ತಲೆಯಾಡಿಸಿದ. ವಾಡಿಕೆಯಂತೆ ನೀಲವ್ವ ಒಂದು ಸಸಿ ಎತ್ತಿಕೊಂಡಿದ್ದಳು. ಗುರು ಅದನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟರು.

“ಇದು ಬ್ಯಾಡ ತಂಗಿ. ಇವನ್ನಷ್ಟ ಕರಕೊಂಡು ಹೋಗು.”

ಅಡಿವೆಪ್ಪ ಹರಿಗೋಲು ಹತ್ತಿದ. ಅವನ ಕಣ್ಣಲ್ಲಿ ನೀರಿತ್ತು, ತುಟಿ ಬಿಗಿದಿತ್ತು. ದಂಡೆಯ ಮೇಲೆ ಗುರು ಒಬ್ಬರೇ ನಿಂತಿದ್ದರು. ನೀಲವ್ವನಿಗೆ ಅವರನ್ನು ಹಾಗೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಒಂದು ಕಾಲು ನೀರಲ್ಲಿಟ್ಟವಳು ತಿರುಗಿ ಕೇಳಿದಳು.

“ಅಜ್ಜಾರ, ನಿಮಗ ಯಾರೂ ಹಿಂಗ ಹೊಡೀಲಿಲ್ಲೇನ್ರಿ?”

“ಹೊಡದ್ರು ತಂಗಿ,” ಎಂದರು ಗುರು. “ನಾ ‘ಗುರುವೇ’ ಅಂತ ಚೀರಿದೆ.”