ಕೆರೆ ಬಂದಾಗ ಎಬ್ಬಿಸು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಚಿಕ್ಕತಾಯಿ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ರಾಚ. ಆಳು ನೋಡಿದರೆ ಹೋರಿ, ಮಾತು ಕೇಳುವುದರಲ್ಲಿ ಹಸು. ಅದೇ ಅವನ ರೋಗ. ಹೇಳಿದ್ದಕ್ಕಿಂತ ಒಂದೆಳೆ ಹೆಚ್ಚು ಮಾಡ, ಒಂದೆಳೆ ಕಮ್ಮಿ ಮಾಡ. "ಊರವರ ಮಕ್ಕಳು ಮಾತು ಕೇಳಲ್ಲ ಅಂತ ಅಳ್ತಾರೆ, ನನ್ನ ಮಗ ಕೇಳ್ತಾನಲ್ಲ ಅಂತ ನಾನು ಅಳ್ತೀನಿ" ಅನ್ನೋಳು ಚಿಕ್ಕತಾಯಿ.

ಅವಳಿಗೊಬ್ಬ ಅಕ್ಕ, ದುಂಡವ್ವ. ಗುಂಡಿಮಗ್ಗದಲ್ಲಿ ಕೂತು ಕೂತು ಬೆನ್ನು ಹೋಗಿತ್ತು. ಕೂತರೆ ನೋವು, ನಿಂತರೆ ನೋವು, ಮಲಗಿದರೆ ಮಾತ್ರ ಒಂದಿಷ್ಟು ನೆಮ್ಮದಿ. ಮಲಗಿದಲ್ಲಿಂದ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. ಬೆಟ್ಟದ ಮೇಲಿನ ಮರಗಲ್ಲು ಕೆರೆ ನೋಡಬೇಕು. ದಂಡೆಗುಂಟ ರಸ್ತೆ ಸುತ್ತುತ್ತದಂತೆ, ಬೆಟ್ಟವೆಲ್ಲ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದಂತೆ. ಬಸ್ಸಿನಲ್ಲಿ ಕೂರುವ ಹಾಗಿಲ್ಲ. ಹೇಗಪ್ಪಾ ಅಂತಿರುವಾಗ ಯಾರೋ ಹೇಳಿದರು, ಗುರುಮಲ್ಲನ ಹತ್ತಿರ ಒಂದು ವ್ಯಾನಿದೆ, ಒಳಗೇ ಹಾಸಿಗೆ, ಒಳಗೇ ಒಲೆ, ಹಿಂದಿನ ಬಾಗಿಲು ತೆಗೆದರೆ ಮಲಗಿದ ಕಡೆಯಿಂದಲೇ ಲೋಕ ಕಾಣುತ್ತೆ, ಒಂದು ರಾತ್ರಿ ಕೆರೆ ಪಕ್ಕ ನಿಲ್ಲಿಸಿಕೊಂಡು ಬನ್ನಿ ಅಂತ.

ಚಿಕ್ಕತಾಯಿ ಮಗನನ್ನು ಕರೆದು, ಹೋಗಿ ಆ ವ್ಯಾನು ನೋಡಿಕೊಂಡು ಬಾ ಅಂದಳು. ರಾಚ ಹೋದ, ನೋಡಿದ, ಬಂದ.

"ಏನ್ಲಾ, ಹೆಂಗೈತೆ?"

"ಬಿಳೀದು ಕನವ್ವ."

ಒಳಗೆ ಜಾಗ ಎಷ್ಟಿದೆ, ಹಾಸಿಗೆ ಮೆತ್ತಗಿದೆಯಾ, ಯಾವತ್ತು ಕೊಡ್ತಾರೆ, ಒಂದಕ್ಕೂ ಉತ್ತರವಿಲ್ಲ. ನೋಡು ಅಂದಿದ್ದಳು, ನೋಡಿದ್ದ. ಚಿಕ್ಕತಾಯಿ ಹಣೆ ಚಚ್ಚಿಕೊಂಡಳು. ಬರೀ ನೋಡಿದರೆ ಸಾಕೇನೋ, ಕೈಯಲ್ಲಿ ತಟ್ಟಬೇಕು, ಒಳಗೆ ಹೋಗಬೇಕು, ಮಲಗಿ ನೋಡಬೇಕು ಅಂತ ಬುದ್ಧಿ ಹೇಳಿದಳು. ಆಗಲಿ ಅವ್ವ, ಅಂದ.

ಮಾರನೆಯ ದಿನ ತಾನೇ ಹೋಗಿ ವ್ಯಾನು ಗೊತ್ತು ಮಾಡಿ ಬಂದಳು. ದಾರಿಗೆ ನೀರು ಬೇಕಲ್ಲ, ಅಂಗಡಿಯಿಂದ ಒಂದು ಡ್ರಮ್ಮು ತಾ ಅಂತ ಮಗನನ್ನು ಕಳಿಸಿದಳು. ರಾಚ ಡ್ರಮ್ಮನ್ನು ತಟ್ಟಿದ. ಒಳಗೆ ಹೋದ. ಮಲಗಲು ನೋಡಿದ. ಮಂಡಿ ಗದ್ದಕ್ಕೆ ಸಿಕ್ಕಿಕೊಂಡಿತು. ಅಂಗಡಿಯವನು ಡ್ರಮ್ಮನ್ನು ಉರುಳಿಸಿ, ಬೀದಿಯವರನ್ನೆಲ್ಲ ಕರೆದು, ಹೆರಿಗೆ ಮಾಡಿಸಿದ ಹಾಗೆ ಅವನನ್ನು ಎಳೆದು ತೆಗೆಯಬೇಕಾಯಿತು. ಇನ್ನು ಮೇಲೆ ಎಲ್ಲಿಗೆ ಹೋದರೂ ಏನನ್ನೂ ಮುಟ್ಟಬೇಡ, ಒಳಗೆ ಹೋಗಬೇಡ, ದೂರ ನಿಂತು ಬಾಯಲ್ಲಿ ಕೇಳು ಅಂತ ತಾಯಿ ಬೈದಳು.

ರಾತ್ರಿ ಕೆರೆ ಹತ್ತಿರ ಉಳಿಯುವುದಕ್ಕೆ ಕಾಡಿನ ಗೇಟಿನ ಕಾವಲುಗಾರ ಜವರಯ್ಯನ ಒಪ್ಪಿಗೆ ಬೇಕಿತ್ತು. ಕೇಳಿಕೊಂಡು ಬಾ ಅಂತ ಕಳಿಸಿದರೆ, ರಾಚ ಮೋರಿಯ ಆಚೆ ದೂರದಲ್ಲಿ ನಿಂತು ಕೇಳಿದ. ಜವರಯ್ಯನಿಗೆ ತುಟಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ. ಹತ್ತಿರ ಬಾರಪ್ಪ ಅಂತ ಕೈಬೀಸಿದರೆ ಇವನು ಇನ್ನೂ ಹಿಂದೆ ಸರಿದ. ಪುಣ್ಯಾತ್ಮ ತಾನೇ ನಡೆದು ಬಂದು ವಿಷಯ ತಿಳಿದುಕೊಂಡು, ಉಳ್ಕೊಳ್ಳಿ ಹೋಗಿ ಅಂದ. ಒಪ್ಪಿಗೆಯೇನೋ ಸಿಕ್ಕಿತು. ಆದರೂ ಚಿಕ್ಕತಾಯಿ ಬಿಡಲಿಲ್ಲ. ದೂರ ನಿಂತರೆ ಕೆಲಸ ಆಗುತ್ತೇನೋ, ಪಕ್ಕದಲ್ಲಿ ಕೂತು ನಯವಾಗಿ, ನಿಧಾನವಾಗಿ ಮಾಡಬೇಕು ಅಂದಳು.

ಹೊರಡುವ ದಿನ ವ್ಯಾನು ಮನೆ ಮುಂದೆ ಬಂದು ನಿಂತಿತು. ಗುರುಮಲ್ಲ ಒಂದು ಚಕ್ರ ಮೆತ್ತಗಿರುವುದನ್ನು ಕಂಡು, "ತಮ್ಮಾ, ಇದಕ್ಕೊಂಚೂರು ಗಾಳಿ ಹಾಕು" ಅಂತ ಹೇಳಿ ಒಳಗೆ ಕಾಫಿ ಕುಡಿಯಲು ಹೋದ. ಬಂದು ನೋಡುತ್ತಾನೆ, ರಾಚ ಚಕ್ರದ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತು, ಬೀಸಣಿಗೆ ಹಿಡಿದು, ನಯವಾಗಿ, ನಿಧಾನವಾಗಿ ಗಾಳಿ ಹಾಕುತ್ತಿದ್ದಾನೆ.

ಚಿಕ್ಕತಾಯಿ ಪಂಪು ತಂದು ಅವನ ಕೈಗೆ ಕೊಟ್ಟಳು. "ಗಾಳಿ ಹಾಕು ಅಂದ್ರೆ ಇದ್ರಲ್ಲಿ ಕಣ್ಲಾ. ಇದ ಹಿಡ್ಕೊಂಡು ಒತ್ತಿ ಒತ್ತಿ ಹೊಡೀಬೇಕು. ತಿಳೀತಾ?"

ತಿಳಿಯಿತು. ಚಕ್ರ ಗಟ್ಟಿಯಾಯಿತು. ದುಂಡವ್ವನನ್ನು ಎತ್ತಿ, ವ್ಯಾನಿನ ನೆಲಕ್ಕೇ ಹಾಸಿದ್ದ ಹಾಸಿಗೆಯ ಮೇಲೆ ಮಲಗಿಸಿದರು. ವ್ಯಾನು ಹೊರಟಿತು. ಊರು ದಾಟುವಷ್ಟರಲ್ಲಿ ದುಂಡವ್ವನಿಗೆ ಸೆಕೆಯಾಯಿತು. ಕೂಸೇ, ಒಂಚೂರು ಗಾಳಿ ಹಾಕು ಅಂದಳು. ಬೀಸಣಿಗೆ ಕಾಲ ಬಳಿಯೇ ಇತ್ತು. ರಾಚ ಅದನ್ನು ಪಕ್ಕಕ್ಕಿಟ್ಟು ಪಂಪು ತೆಗೆದುಕೊಂಡ. ಕೊಳವೆಯನ್ನು ದೊಡ್ಡವ್ವನ ಕಿವಿಗೆ ಹಿಡಿದು ಒತ್ತಿ ಒತ್ತಿ ಹೊಡೆದ. ದುಂಡವ್ವನ ಮುಡಿ ಬಿಚ್ಚಿ ಹಾರಿತು. ಚಿಕ್ಕತಾಯಿ ಕೈ ಎತ್ತಿದಳು. ಅಷ್ಟರಲ್ಲಿ ದುಂಡವ್ವ ನಗಲು ಶುರುಮಾಡಿದ್ದಳು. ನಕ್ಕರೆ ಬೆನ್ನು ನೋಯುತ್ತದೆ ಅಂತ ಬೆನ್ನು ಹಿಡಿದುಕೊಂಡೇ ನಕ್ಕಳು.

ನಕ್ಕು ನಕ್ಕು ಸುಸ್ತಾಗಿ, ಬೆಟ್ಟ ಹತ್ತುವಾಗ ಅವಳಿಗೆ ಕಣ್ಣು ಎಳೆಯಿತು. "ಕೆರೆ ಬಂದಾಗ ಎಬ್ಬಿಸು ಕಂದ" ಅಂತ ರಾಚನಿಗೆ ಹೇಳಿ ಮಲಗಿದಳು. ಚಿಕ್ಕತಾಯಿಯೂ ತೂಕಡಿಸಿದಳು.

ಕೆರೆ ಕಂಡಿತು. ರಸ್ತೆ ದಂಡೆಗುಂಟ ತಿರುಗಿತು, ನೀರು ಮರಗಳ ಸಂದಿಯಲ್ಲಿ ಮಿಂಚಿತು, ಬೆಟ್ಟ ತಲೆಕೆಳಗಾಗಿ ನಿಂತಿತು. ರಾಚ ಕಣ್ಣು ಮಿಟುಕಿಸದೆ ಕಾದ. ಸುತ್ತು ಪೂರ್ತಿ ಮುಗಿದು, ಗುರುಮಲ್ಲ ಗೇಟಿನ ಹತ್ತಿರದ ಬಯಲಿಗೆ ವ್ಯಾನು ಇಳಿಸಿದಾಗ ಚಿಕ್ಕತಾಯಿಗೆ ಎಚ್ಚರವಾಯಿತು.

"ಕೆರೆ ಪಕ್ಕಾನೇ ಬಂದಿದೀವಲ್ಲೋ, ಯಾಕ್ಲಾ ಎಬ್ಬಿಸ್ಲಿಲ್ಲ?"

"ಅದು ಬರ್ಲಿಲ್ಲ ಕನವ್ವ. ಅದು ಅಲ್ಲೇ ಇತ್ತು. ನಾವೇ ಬಂದ್ವಿ."

ಚಿಕ್ಕತಾಯಿ ತಿರುಗಿ ಅಕ್ಕನ ಮುಖ ನೋಡಿದಳು. ಎಷ್ಟು ತಿಂಗಳಾಗಿತ್ತೋ ಅವಳು ಹೀಗೆ ನರಳದೆ ಮಲಗಿ. ಇನ್ನೊಂಚೂರು ಮಲಗಲಿ ಅಂತ ಕೆಳಗಿಳಿದು ಸೊಂಟ ನೀವಿಕೊಂಡಳು. ಗುರುಮಲ್ಲ ವ್ಯಾನಿನ ಬೆನ್ನು ಕೆರೆಗೆ ಮಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದ. ಕೈಬ್ರೇಕು ಸಡಿಲ ಇದೆ, ಚಕ್ರಕ್ಕೊಂದು ಕಲ್ಲು ಕೊಡು ಅಂತ ರಾಚನಿಗೆ ಹೇಳಿ ಸೌದೆ ಆರಿಸಲು ಹೋದ.

ರಾಚ ದಂಡೆಯಲ್ಲಿ ಹುಡುಕಿ ಒಂದು ಒಳ್ಳೆ ನುಣುಪು ಕಲ್ಲು ಆರಿಸಿದ. ಪಂಚೆಯಲ್ಲಿ ಒರೆಸಿದ. ಚಕ್ರದ ಪಕ್ಕ ಇಟ್ಟು, "ತಗೋ" ಅಂದ.

ಚಕ್ರ ತಗೊಳ್ಳಲಿಲ್ಲ. ನಿಧಾನವಾಗಿ ಹಿಂದಕ್ಕೆ ಹೊರಟಿತು. ವ್ಯಾನು ಹುಲ್ಲಿನ ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಿ, ನೀರಿಗಿಳಿದು, ಕೆಸರಿಗೆ ಕಚ್ಚಿ ನಿಂತಿತು. ಕೆರೆ ತೆರೆದ ಬಾಗಿಲಿನಿಂದ ಒಳಗೆ ಬಂದು ಹಾಸಿಗೆಯ ಅಂಚು ನೆಕ್ಕಿತು. ಜೊತೆಜೊತೆಗೇ ನಡೆದು ಬಂದಿದ್ದ ರಾಚ ಬಗ್ಗಿ ಭುಜ ಅಲುಗಿಸಿದ.

"ಏಳು ದೊಡ್ಡವ್ವ. ಈಗ ಬಂತು."

ದುಂಡವ್ವ ಕಣ್ಣು ಬಿಟ್ಟಳು. ಹಿಮ್ಮಡಿಗೆ ತಣ್ಣಗೆ ನೀರು ತಾಗುತ್ತಿತ್ತು. ಬಾಗಿಲ ತುಂಬ ನೀರು, ನೀರ ತುಂಬ ಬೆಟ್ಟ. ದಂಡೆಯಲ್ಲಿ ತಂಗಿ ಎದೆ ಹಿಡಿದುಕೊಂಡು ನಿಂತಿದ್ದರೆ, ಇವಳು ಮೆಲ್ಲಗೆ ಇನ್ನೊಂಚೂರು ಕಾಲು ಚಾಚಿದಳು. "ಸೀರೆ ಅಂಚಿಗೆ ಎಷ್ಟೊಂದು ಅಲೆ ನೇಯ್ದೆ ಕಣೇ ಚಿಕ್ಕತಾಯಿ. ಒಂದೂ ಹಿಂಗಿರ್ಲಿಲ್ಲ."

ಓಡಿಬಂದ ಗುರುಮಲ್ಲ ಎಂಜಿನ್ನು ಹಾಕಿ ನೋಡಿದ. ಚಕ್ರ ಕೆಸರೆರಚಿತು, ಅಷ್ಟೇ. ಚಿಕ್ಕತಾಯಿ ಮಗನಿಗೆ, ಬೇಗ ಹೋಗಿ ಯಾರನ್ನಾದರೂ ಹಿಡಿದುಕೊಂಡು ಬಾ ಅಂದಳು. ರಾಚ ಗೇಟಿಗೆ ಓಡಿ ಜವರಯ್ಯನ ಮಣಿಕಟ್ಟು ಹಿಡಿದ. ಹಿಡಿದುಕೊಂಡೇ ಬಂದ. ಬಿಡು ಅಂತ ಅವ್ವ ಹೇಳಿಲ್ಲವಲ್ಲ, ಬಿಡಲೂ ಇಲ್ಲ.

ಜವರಯ್ಯ ಒಳ್ಳೆ ಮನುಷ್ಯ, ಒಂದೇ ಕೈಯಲ್ಲಿ ದುಡಿದ. ವ್ಯಾನಿನ ಮೂತಿಗೆ ಹಗ್ಗ ಕಟ್ಟಿ, ಹೊಂಗೆಮರಕ್ಕೆ ಸುತ್ತು ಹಾಕಿ, ಎಲ್ಲರೂ ಜಗ್ಗಿದರು. ಮಲಗಿದ್ದ ದುಂಡವ್ವನ ಸಮೇತ ವ್ಯಾನು ಇಷ್ಟಿಷ್ಟೇ ಮೇಲೆ ಬಂದು ದಂಡೆ ಹತ್ತಿತು. ಹಗ್ಗದ ತುದಿಯನ್ನು ರಾಚನ ಕೈಗೆ ಕೊಟ್ಟು, ಗುರುಮಲ್ಲ ದೊಡ್ಡ ಕಲ್ಲು ತರಲು ಹೋದ. ರಾಚನ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಜವರಯ್ಯ.

ಜವರಯ್ಯನ ಬೆರಳು ನೀಲಿಗಟ್ಟಿದ್ದು ಕಂಡು ಚಿಕ್ಕತಾಯಿಗೆ ನಾಚಿಕೆಯಾಯಿತು. "ಕೈ ಬಿಡೋ ರಾಚ" ಅಂದಳು.

ಯಾವ ಕೈ ಅಂತ ಹೇಳಲಿಲ್ಲ. ರಾಚ ಎರಡನ್ನೂ ಬಿಟ್ಟ.