ಕಾವಲಮ್ಮ ಕೇಳದೆ ಬಿಟ್ಟ ಮಾತು

ಅಣೆಕಟ್ಟಿನ ಕಂಪ್ಯೂಟರಿನೊಳಗೆ ಕಾವಲಮ್ಮ ಎಂಬ ಪ್ರೋಗ್ರಾಮ್ ಇದ್ದಳು. ಗಳಿಗೆಗೊಂದು ಮಗುವನ್ನು ಹುಟ್ಟಿಸಿ, ನೀರಿನ ಮಟ್ಟ ನೋಡಿ ಬರೆದು ಬಾ ಎಂದು ಅಟ್ಟುವುದು ಅವಳ ಕೆಲಸ. ಆ ಮಕ್ಕಳ ಆಯಸ್ಸು ಒಂದೇ ಕೆಲಸದಷ್ಟು. ಮುಗಿಸಿ ಸತ್ತ ಮೇಲೂ, ತಾಯಿ ಬಂದು "ಕೆಲಸ ಆಯಿತೇ?" ಎಂದು ಕೇಳುವವರೆಗೆ, ಕಂಪ್ಯೂಟರನ್ನು ಆಳುವ ಯಜಮಾನನ ಪಟ್ಟಿಯಿಂದ ಅವರ ಹೆಸರು ಅಳಿಯುವಂತಿರಲಿಲ್ಲ. ಅದು ಅಲ್ಲಿಯ ಕಟ್ಟಳೆ. ಕಾವಲಮ್ಮನಿಗೆ ಕೇಳಲು ಪುರುಸೊತ್ತಿರಲಿಲ್ಲ. ಬರೆದದ್ದು ಕಣ್ಣೆದುರಿಗೇ ಇದೆಯಲ್ಲ, ಇನ್ನು ಕೇಳುವುದೇನು ಎಂದುಕೊಂಡು ಮುಂದಿನ ಮಗುವನ್ನು ಕರೆಯುತ್ತಿದ್ದಳು.

ಒಂದು ದಿನ ನೀರು ಅಪಾಯದ ಗೆರೆ ಮುಟ್ಟಿತು. ಕೆಳಗಿನ ಊರುಗಳಿಗೆ ಕೇಳುವಂತೆ ಸೈರನ್ ಕೂಗಿಸಬೇಕಿತ್ತು.

"ಯಜಮಾನರೇ, ಸೈರನ್ ಕೂಗಿಸಲು ಬೇಗ ಇನ್ನೊಂದು ಮಗುವಿಗೆ ಜಾಗ ಕೊಡಿ!"

"ಪಟ್ಟಿಯಲ್ಲಿ ಜಾಗವಿಲ್ಲ, ಕಾವಲಮ್ಮ. ತುಂಬಿರುವುದೆಲ್ಲ ನಿನ್ನ ಮಕ್ಕಳ ಹೆಸರೇ."

"ಅವರು ಎಂದೋ ಸತ್ತವರು. ಕೊಂದು ಹಾಕಿ!"

"ಸತ್ತವರನ್ನು ಇನ್ನೊಮ್ಮೆ ಕೊಲ್ಲುವ ಶಕ್ತಿ ನನಗಿಲ್ಲ," ಎಂದ ಯಜಮಾನ. "ಕೇಳಬೇಕಾದವಳು ನೀನು."

ಕಾವಲಮ್ಮ ಅಂದು ಮೊದಲ ಸಲ ಹಿಂತಿರುಗಿ ನೋಡಿದಳು. ಸತ್ತ ಮಕ್ಕಳ ಸಾಲಿನ ಕೊನೆ ಕಾಣುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ಅವಳ ಚೊಚ್ಚಲ ಮಗ ನಿಂತಿದ್ದ.

"ಕೆಲಸ ಆಯಿತೇ, ಮಗನೇ?"

"ಆಗಲೇ ಆಯಿತಮ್ಮ," ಎಂದವನೇ ಅವನು ಅಳಿದುಹೋದ.

ಆ ಜಾಗದಲ್ಲಿ ಹುಟ್ಟಿದ ಮಗು ಓಡಿತು. ಹೊರಗೆ ಸೈರನ್ ಕೂಗಿತು. ಊರೂರಿಗೆ ಕೇಳಿಸಿದ ಆ ಕೂಗು ಕಾವಲಮ್ಮನ ಕಿವಿಗೆ ಬೀಳಲಿಲ್ಲ. ಅವಳು ಎರಡನೆಯ ಮಗುವಿನ ಮುಂದೆ ನಿಂತು ಕೇಳುತ್ತಿದ್ದಳು.