ಕೆಸರು ಬಿಟ್ಟ ಎಮ್ಮೆ

ಕೆರೆಯ ಕೆಸರಲ್ಲಿ ಸುಖವಾಗಿ ಹೊರಳುತ್ತಿದ್ದ ಎಮ್ಮೆಯ ಮುಂದೆ ಬೆಳ್ಳಕ್ಕಿಯೊಂದು ಬಂದು ನಿಂತಿತು. "ಅಯ್ಯೋ ಅಕ್ಕಾ, ಈ ಕಪ್ಪು ಮೈ ಹೊತ್ಕೊಂಡು ಹೆಂಗೆ ತಿರುಗಾಡ್ತೀಯಾ? ಮೊದಲು ಕೆಸರು ಬಿಡು. ನಾನೂ ನಿನ್ನಂಗೇ ಇದ್ದೆ, ಈಗ ನೋಡು!" ಅಂತ ರೆಕ್ಕೆ ಬಿಚ್ಚಿ ತೋರಿಸಿತು.

ಹಸೀ ಸುಳ್ಳು. ಅದು ಮೊಟ್ಟೆ ಒಡೆದು ಬಂದಾಗಲೇ ಬೆಳ್ಳಗಿತ್ತು.

ಆದರೆ ಎಮ್ಮೆ ನಾಚಿಕೊಂಡು ಕೆಸರು ಬಿಟ್ಟಿತು. ಬಿಸಿಲಿಗೆ ಮೈ ಬಿರಿಯಿತು. ನೊಣ, ಉಣ್ಣೆಗಳು ಮುತ್ತಿಕೊಂಡು ರಕ್ತ ಹೀರಿದವು. ಬೆಳ್ಳಕ್ಕಿ ಬೆನ್ನೇರಿ ಕುಳಿತು ಅವುಗಳನ್ನು ಒಂದೊಂದಾಗಿ ಹೆಕ್ಕಿ ನುಂಗುತ್ತಾ, "ತಡ್ಕೋ ಅಕ್ಕಾ, ಬಿಳುಪು ಒಳಗಿಂದ ಬರ್ತಾ ಇದೆ" ಅಂದಿತು.

ಕೆಸರಲ್ಲೇ ಮಲಗಿ ಇದನ್ನು ಕೇಳಿದ ಮುದಿ ಎಮ್ಮೆಯೊಂದಕ್ಕೆ ಮೈಯೆಲ್ಲ ಉರಿದುಹೋಯಿತು. "ಏ ದಡ್ಡೀ! ಬರ್ತಿರೋದು ಬಿಳುಪಲ್ಲ, ಅವಳ ಊಟ! ಕೆಸರು ಮೆತ್ತಿದ ಮೈಗೆ ಉಣ್ಣೆ ಹತ್ತಲ್ಲ. ನೀನು ನಾಚ್ಕೊಂಡಷ್ಟೂ ಅವಳಿಗೆ ಹಬ್ಬ ಕಣೇ!"

ಎಮ್ಮೆ ಒಂದೇ ಓಟಕ್ಕೆ ಕೆರೆಗೆ ಧುಮುಕಿತು.

ಬೆಳ್ಳಕ್ಕಿಗೆ ಮಾತ್ರ ಒಂಚೂರೂ ನಾಚಿಕೆಯಾಗಲಿಲ್ಲ. ದಡದಲ್ಲಿ ಮೇಯುತ್ತಿದ್ದ ಬಿಳಿ ಹಸುವಿನ ಹತ್ತಿರ ಹಾರಿಹೋಗಿ, "ಅಕ್ಕಾ, ನಿನ್ನ ಬಣ್ಣವೇನೋ ಚೆನ್ನಾಗಿದೆ. ಆದ್ರೆ ಆ ಹೊಟ್ಟೆ..." ಅಂತ ರಾಗ ಎಳೆಯಿತು.

ಹಸು ಮೇಯುವುದನ್ನು ನಿಲ್ಲಿಸಿ, ತನ್ನ ಹೊಟ್ಟೆಯನ್ನು ತಿರುಗಿ ನೋಡಿಕೊಂಡಿತು.